ಹೆಡ್‌ಫೋನ್ ಆಂಪ್ಲಿಫೈಯರ್‌ನ ಐಸಿ ಬದಲಿಸಿದೆ, ದನಿ ಒರಟಾಯಿತು. ಈಗ ಏನು ಮಾಡಲಿ?

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನಾನು ಧಾರವಾಡದವನು, ಬ್ಯಾಂಕಿನಲ್ಲಿ ಕೆಲಸ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಹಾಡು ಕೇಳುವುದು ನನ್ನ ಖುಷಿ. ಹೋದ ವರ್ಷ ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಕಟ್ಟಿದ, ಸಿಮೋಯ್ ಅನ್ನುವ ಒಂದು ಸಣ್ಣ ಹೆಡ್‌ಫೋನ್ ಆಂಪ್ಲಿಫೈಯರ್ ತಗೊಂಡೆ. ಒಂದೇ 9 ವೋಲ್ಟ್ ಬ್ಯಾಟರಿ. ಒಳಗೆ ಓಪಿಎ2134 ಐಸಿ, ಅಂದರೆ ದನಿ ಹೆಚ್ಚಿಸುವ ಚಿಪ್, ಸಾಕೆಟ್ ಮೇಲೆ ಕೂತಿದೆ. ಹೆಡ್‌ಫೋನ್ 32 ಓಮ್‌ನದು. ಚೆನ್ನಾಗಿಯೇ ಇತ್ತು. ಹಾಡಿಲ್ಲದಾಗ 'ಸುಯ್' ಅಂತ ಸಣ್ಣ ಸದ್ದು, ಅಷ್ಟೇ ಬೇಸರ.

ಐಸಿ ಬದಲಿಸಿದರೆ ದನಿ ಬಿಚ್ಚಿಕೊಳ್ಳುತ್ತದೆ ಅಂತ ಬಹಳ ಕಡೆ ಓದಿದೆ. ಅಗ್ಗಕ್ಕೆ ಸಿಕ್ಕಿತು ಅಂತ ಎನ್‌ಇ5532 ತಂದು ಹಾಕಿದೆ. ಈಗ ದನಿ ಒರಟಾಗಿದೆ, ತಾರದಲ್ಲಿ ಆಲಾಪ ಏರಿದಾಗ ಹರಿದ ಹಾಗೆ ಕೇಳುತ್ತದೆ. ಹೆಡ್‌ಫೋನ್ ಪಿನ್ ಚುಚ್ಚಿದಾಗ 'ಟಪ್' ಅನ್ನುತ್ತದೆ. 5532 ಅಂದರೆ ಒಣ ದನಿ ಅಂತ ಓದಿದ್ದೆ, ಅದು ನಿಜ ಅನ್ನಿಸಿತು. ಗೆಳೆಯರೊಬ್ಬರು ಮ್ಯೂಸಸ್01 ಹಾಕಿ, ದುಬಾರಿ ಆದರೂ ಸ್ವರ್ಗ ಅಂದರು. ಸಾವಿರಾರು ರೂಪಾಯಿ ಕೊಡುವ ಮುಂಚೆ ನಿಮ್ಮನ್ನು ಕೇಳೋಣ ಅಂತ. ಐಸಿ ನಕಲಿ ಇರಬಹುದಾ? ಯಾವುದು ಹಾಕಲಿ? ಮುಂದೆ 250 ಓಮ್ ಹೆಡ್‌ಫೋನ್ ತಗೊಳ್ಳುವ ಆಸೆಯೂ ಇದೆ."

ಉತ್ತರ:

ಮೊದಲು ಒಂದು ಮಾತು. ಮ್ಯೂಸಸ್01 ಕೊಳ್ಳಬೇಡಿ. ಅದು ಕೆಟ್ಟ ಐಸಿ ಅಂತಲ್ಲ, ತುಂಬ ಒಳ್ಳೆಯ ಐಸಿ. ಆದರೆ ಅದರ ಡೇಟಾಶೀಟ್‌ನಲ್ಲಿ (ತಯಾರಕರು ಕೊಡುವ ಮಾಹಿತಿಪತ್ರ) ವಿದ್ಯುತ್ ಪೂರೈಕೆ ಕನಿಷ್ಠ ಪ್ಲಸ್ 9 ಮತ್ತು ಮೈನಸ್ 9 ವೋಲ್ಟ್ ಇರಬೇಕು ಅಂತ ಇದೆ. ಅಂದರೆ ಈ ತುದಿಯಿಂದ ಆ ತುದಿಗೆ 18 ವೋಲ್ಟ್. ನಿಮ್ಮ ಡಬ್ಬಿಯಲ್ಲಿ ಇರುವುದು ಒಂದೇ ಬ್ಯಾಟರಿ. ಅದನ್ನು ನಡುವೆ ಸೀಳಿದರೆ ಪ್ಲಸ್ 4.5, ಮೈನಸ್ 4.5. ಅದೂ ಬ್ಯಾಟರಿ ಹೊಸದಿದ್ದಾಗ. ಅರ್ಧ ಹೊಟ್ಟೆಗೆ ಉಂಡ ಐಸಿ ಏನು ಕೆಲಸ ಮಾಡೀತು? ಅದು ಹಾಡಿದರೂ ಹಾಡೀತು, ಆದರೆ ನೀವು ದುಡ್ಡು ಕೊಟ್ಟ ಗುಣ ಒಂದೂ ಕೈಗೆ ಸಿಗುವುದಿಲ್ಲ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ನೀವು ಹೇಳಿದ ಮೂರು ಲಕ್ಷಣ, ಅಂದರೆ ಒರಟು ದನಿ, ಏರುದನಿಯಲ್ಲಿ ಹರಿಯುವುದು, ಪಿನ್ ಚುಚ್ಚಿದಾಗ 'ಟಪ್', ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ: ಈ ಐಸಿ ನಿಮ್ಮ ಸರ್ಕ್ಯೂಟಿಗೆ ಒಗ್ಗಿಲ್ಲ. ನಿಮ್ಮ ಎನ್‌ಇ5532 ಅಸಲಿಯೇ ಇರಬೇಕು. ಅದರ ದನಿಯೂ ಒಣ ಅಲ್ಲ. ಸಿಗ್ನೆಟಿಕ್ಸ್ ಕಂಪನಿ 1970ರ ದಶಕದ ಕೊನೆಯಲ್ಲಿ ತಂದ ಐಸಿ ಅದು. ಆಮೇಲೆ ಎಷ್ಟೋ ದಶಕ ಸ್ಟುಡಿಯೋಗಳ ಮಿಕ್ಸಿಂಗ್ ಕನ್ಸೋಲ್‌ಗಳಲ್ಲಿ ಇದೇ ಐಸಿ ಸಾಲು ಸಾಲಾಗಿ ಕೂತಿತ್ತು. ಆ ಕಾಲದಲ್ಲಿ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಆದ ಎಷ್ಟೋ ಹಾಡುಗಳು ನಿಮ್ಮ ಕಿವಿಗೆ ಬರುವ ಮುಂಚೆ ಇಂಥ ಹತ್ತಾರು ಐಸಿ ದಾಟಿ ಬಂದಿವೆ. ಒಂದು ಐಸಿ ದಾಟಿದ್ದಕ್ಕೇ ದನಿ ಹರಿಯುವ ಹಾಗಿದ್ದರೆ ಅವು ಕೇಳುವ ಹಾಗೇ ಇರುತ್ತಿರಲಿಲ್ಲ, ಅಲ್ವಾ?

ಹಾಗಾದರೆ ಹರಿದದ್ದು ಯಾಕೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಅರ್ಥವಾದರೆ ಐಸಿ ಬದಲಿಸುವ ಇಡೀ ವಿಷಯ ಅರ್ಥವಾಗುತ್ತದೆ.

ಈ ಐಸಿಗಳಿಗೆ ಆಪ್-ಆಂಪ್ ಅನ್ನುತ್ತಾರೆ. ಒಂದು ತಕ್ಕಡಿ ಅಂದುಕೊಳ್ಳಿ. ಒಂದು ತಟ್ಟೆಗೆ ಫೋನಿನಿಂದ ಬಂದ ಹಾಡು. ಇನ್ನೊಂದು ತಟ್ಟೆಗೆ ಐಸಿಯ ಔಟ್‌ಪುಟ್‌ನಿಂದಲೇ ಎರಡು ರೆಸಿಸ್ಟರ್ ಮೂಲಕ ವಾಪಸ್ ಬಂದ ಒಂದು ಪಾಲು. ಎರಡೂ ತಟ್ಟೆ ಸಮ ಆಗುವವರೆಗೆ ಐಸಿ ತನ್ನ ಔಟ್‌ಪುಟ್ ಏರಿಸುತ್ತಾ ಇಳಿಸುತ್ತಾ ಇರುತ್ತದೆ. ಸಿಮೋಯ್‌ನಲ್ಲಿ ಆ ಎರಡು ರೆಸಿಸ್ಟರ್ 10 ಕಿಲೋ ಓಮ್ ಮತ್ತು 1 ಕಿಲೋ ಓಮ್. ಹಾಗಾಗಿ ದನಿ 11 ಪಟ್ಟು ಹೆಚ್ಚುತ್ತದೆ. ಯಾವ ಐಸಿ ಹಾಕಿದರೂ 11 ಪಟ್ಟೇ. ಎಷ್ಟು ಹೆಚ್ಚಿಸಬೇಕು ಅಂತ ಹೇಳುವುದು ರೆಸಿಸ್ಟರ್. ಐಸಿ ಆ ಮಾತು ಕೇಳುತ್ತದೆ, ಅಷ್ಟೇ. ಒಂದು ಐಸಿ ಬಾಸ್ ಜಾಸ್ತಿ ಕೊಡುತ್ತದೆ, ಇನ್ನೊಂದು ಕಂಠವನ್ನು ಮುಂದೆ ತರುತ್ತದೆ ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ. ಸರಿಯಾಗಿ ಕೆಲಸ ಮಾಡುತ್ತಿರುವ ಎರಡು ಆಡಿಯೋ ಆಪ್-ಆಂಪ್‌ಗಳ ನಡುವೆ ಇಂಥ ವ್ಯತ್ಯಾಸಕ್ಕೆ ಜಾಗವೇ ಇಲ್ಲ.

ಆದರೆ "ಸರಿಯಾಗಿ ಕೆಲಸ ಮಾಡುತ್ತಿರುವ" ಅಂದೆನಲ್ಲ, ಅಲ್ಲಿದೆ ವಿಷಯ. ತಕ್ಕಡಿಯ ತಟ್ಟೆಯೇ ಸ್ವಲ್ಪ ಕರೆಂಟ್ ಕುಡಿದರೆ? ಕುಡಿಯುತ್ತದೆ. ಇದಕ್ಕೆ ಬಯಾಸ್ ಕರೆಂಟ್ ಅನ್ನುತ್ತಾರೆ. ಓಪಿಎ2134 ಒಳಗೆ ಇನ್‌ಪುಟ್‌ನಲ್ಲಿ ಇರುವುದು ಫೆಟ್ ಅನ್ನುವ ಬಗೆಯ ಟ್ರಾನ್ಸಿಸ್ಟರ್. ಅದು ಕುಡಿಯುವುದು ಸಾಮಾನ್ಯವಾಗಿ 5 ಪಿಕೋಆಂಪ್, ಲೆಕ್ಕಕ್ಕೇ ಬಾರದಷ್ಟು. ಎನ್‌ಇ5532 ಒಳಗೆ ಇರುವುದು ಸಾಮಾನ್ಯ ಬೈಪೋಲಾರ್ ಟ್ರಾನ್ಸಿಸ್ಟರ್. ಅದು ಕುಡಿಯುವುದು ಸಾಮಾನ್ಯವಾಗಿ 200 ನ್ಯಾನೋಆಂಪ್, ಜಾಸ್ತಿ ಅಂದರೆ 800. ಅಂದರೆ 40,000 ಪಟ್ಟು ಹೆಚ್ಚು.

ನಿಮ್ಮ ಡಬ್ಬಿಯಲ್ಲಿ ಈ ಕರೆಂಟ್ ಬರಬೇಕಾದ ದಾರಿ ಒಂದೇ: ಇನ್‌ಪುಟ್‌ನಲ್ಲಿರುವ 100 ಕಿಲೋ ಓಮ್ ರೆಸಿಸ್ಟರ್. ಅದರ ಮುಂದಿರುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಡಿಸಿಯನ್ನು, ಅಂದರೆ ಏರಿಳಿತ ಇಲ್ಲದೆ ಒಂದೇ ಕಡೆ ಹರಿಯುವ ಕರೆಂಟನ್ನು, ಬಿಡುವುದಿಲ್ಲ. 200 ನ್ಯಾನೋಆಂಪ್ 100 ಕಿಲೋ ಓಮ್‌ನಲ್ಲಿ ಹರಿದರೆ 20 ಮಿಲಿವೋಲ್ಟ್. ಅದನ್ನು ಐಸಿ ಹಾಡಿನ ಹಾಗೆಯೇ 11 ಪಟ್ಟು ಹೆಚ್ಚಿಸುತ್ತದೆ. ಔಟ್‌ಪುಟ್‌ನಲ್ಲಿ 220 ಮಿಲಿವೋಲ್ಟ್ ಡಿಸಿ, ಹಾಡಿಲ್ಲದಾಗಲೂ. 32 ಓಮ್ ಹೆಡ್‌ಫೋನ್ ಸಿಕ್ಕಿಸಿದರೆ ಅದಕ್ಕೆ ಪ್ರತಿ ಕಿವಿಗೆ ಸುಮಾರು 7 ಮಿಲಿಆಂಪ್ ಹರಿಯಬೇಕು. ಎರಡು ಕಿವಿಗೆ 14.

ಈಗ ಇನ್ನೊಂದು ಕೊಂಡಿ. ಒಂದು ಬ್ಯಾಟರಿಯನ್ನು ಪ್ಲಸ್, ಮೈನಸ್ ಅಂತ ಎರಡು ಮಾಡಲು ಸಿಮೋಯ್‌ನಲ್ಲಿ ಇರುವುದು 4.7 ಕಿಲೋ ಓಮ್‌ನ ಎರಡು ರೆಸಿಸ್ಟರ್ ಮತ್ತು 220 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್. ಅವುಗಳ ನಡುವಿನ ಬಿಂದುವೇ ನಿಮ್ಮ ಹೆಡ್‌ಫೋನಿನ ಗ್ರೌಂಡ್, ಅಂದರೆ ಎರಡೂ ಕಿವಿಯ ಕರೆಂಟ್ ವಾಪಸ್ ಬರುವ ಜಾಗ. ಹಾಡಿನ ಏರಿಳಿತದ ಕರೆಂಟನ್ನು ಕೆಪಾಸಿಟರ್‌ಗಳು ನೋಡಿಕೊಳ್ಳುತ್ತವೆ. ಆದರೆ ಡಿಸಿ ಹೋಗಬೇಕಾದದ್ದು ಆ ಎರಡು ರೆಸಿಸ್ಟರ್ ಮೂಲಕ. ಅವು ಕೊಡಬಲ್ಲದ್ದು ಹೆಚ್ಚೆಂದರೆ 2 ಮಿಲಿಆಂಪ್. ಕೇಳುತ್ತಿರುವುದು 14. ಆಗ ನಡುಬಿಂದು ನಿಂತಲ್ಲಿ ನಿಲ್ಲದೆ ಒಂದು ತುದಿಗೆ ಜಾರುತ್ತದೆ. ನಡುಗಂಬವೇ ವಾಲಿದ ಮನೆಯ ಹಾಗೆ. ಒಂದು ಕಡೆ ಅಲೆ ಏಳಲು ಬೇಕಾದಷ್ಟು ಜಾಗ, ಇನ್ನೊಂದು ಕಡೆ ತಲೆ ಎತ್ತುವ ಮುಂಚೆಯೇ ಗೋಡೆ. ಅಲೆಯ ಅರ್ಧ ಭಾಗ ಗೋಡೆಗೆ ಬಡಿದು ಚಪ್ಪಟೆ ಆಗುತ್ತದೆ. ನೀವು ಕೇಳುತ್ತಿರುವ ಒರಟುತನ ಅದೇ. ಪಿನ್ ಚುಚ್ಚಿದಾಗಿನ 'ಟಪ್' ಆ ನಡುಬಿಂದು ಜಾರುವ ಸದ್ದು.

ನಾನು ಆಡಿಯೋ ಉಪಕರಣ ರಿಪೇರಿ ಮಾಡಲು ಶುರು ಮಾಡಿ 20 ವರ್ಷ ದಾಟಿತು. ಇದೇ ದೂರು ಹೊತ್ತು ಬಂದ ಡಬ್ಬಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಕಳೆದ ವರ್ಷ ಒಬ್ಬ ಇಂಜಿನಿಯರಿಂಗ್ ಹುಡುಗ ಇಂಥದ್ದೇ ಒಂದನ್ನು ತಂದಿದ್ದ. ನಾಲ್ಕು ಬಗೆಯ ಐಸಿ ಕೊಂಡು, ಒಂದೊಂದರ "ಸ್ವಭಾವ" ಏನು ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದ. 5532ರ ಎದುರು "ಒಣ, ಮುಂಗೋಪಿ" ಅಂತ ಇತ್ತು. ಹೆಡ್‌ಫೋನ್ ಸಿಕ್ಕಿಸಿ ಬ್ಯಾಟರಿಯ ಮೈನಸ್‌ನಿಂದ ನಡುಬಿಂದುವಿಗೆ ಮೀಟರ್ ಹಿಡಿದೆವು. 4.5 ಇರಬೇಕಾದಲ್ಲಿ 2 ವೋಲ್ಟ್ ಕೂಡ ಇರಲಿಲ್ಲ. ಅವನ ಮುಖ ನೋಡಿ ನನಗೆ ಸಂಕಟವೇ ಆಯಿತು. ಅಷ್ಟು ಪ್ರೀತಿಯಿಂದ, ಶ್ರದ್ಧೆಯಿಂದ ಕೇಳಿಸಿಕೊಂಡಿದ್ದ. ಅವನ ಕಿವಿ ಸುಳ್ಳು ಹೇಳಿರಲಿಲ್ಲ. ದನಿ ನಿಜಕ್ಕೂ ಕೆಟ್ಟಿತ್ತು. ಕಾರಣ ಮಾತ್ರ ಬೇರೆ ಇತ್ತು.

ಈ ಎರಡು ಅಳತೆಯನ್ನು ನೀವೂ ಮಾಡಿ. 300-400 ರೂಪಾಯಿಯ ಸಾದಾ ಮಲ್ಟಿಮೀಟರ್ ಸಾಕು. ಒಂದು, ಹೆಡ್‌ಫೋನ್ ತೆಗೆದು, ವಾಲ್ಯೂಮ್ ಪೂರ್ತಿ ಇಳಿಸಿ, ಜ್ಯಾಕ್‌ನ ಎಡ ಮತ್ತು ಬಲ ಕಾಲಿನಿಂದ ಗ್ರೌಂಡಿಗೆ ಡಿಸಿ ಎಷ್ಟಿದೆ ನೋಡಿ. ಓಪಿಎ2134 ಇದ್ದಾಗ ಸಾಮಾನ್ಯವಾಗಿ 5-6 ಮಿಲಿವೋಲ್ಟ್, ಹೆಚ್ಚೆಂದರೆ 20ರ ಆಸುಪಾಸು. 5532 ಇದ್ದಾಗ 200ರ ಸುತ್ತಮುತ್ತ ಕಂಡರೆ ನಾನು ಹೇಳಿದ್ದು ಸರಿ. ಎರಡು, ಯಾವುದಾದರೂ ಹಳೆಯ, ಹೋದರೂ ಚಿಂತೆ ಇಲ್ಲದ ಇಯರ್‌ಫೋನ್ ಸಿಕ್ಕಿಸಿ ನಡುಬಿಂದು ಎಲ್ಲಿದೆ ನೋಡಿ. ಒಳ್ಳೆಯ ಹೆಡ್‌ಫೋನ್ ಸಿಕ್ಕಿಸಿ ಪರೀಕ್ಷೆ ಮಾಡಬೇಡಿ. ಹೆಡ್‌ಫೋನಿನ ಒಳಗಿನ ತಂತಿ ಕೂದಲೆಳೆಗಿಂತ ಸಪೂರ. ಡಿಸಿ ಅದಕ್ಕೆ ಒಳ್ಳೆಯದಲ್ಲ. ನನ್ನ ಅಭ್ಯಾಸ ಏನೆಂದರೆ, 20 ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ, 50 ದಾಟಿದರೆ ಹೆಡ್‌ಫೋನ್ ಹತ್ತಿರ ತರುವುದೇ ಇಲ್ಲ.

ಈ ಮೊದಲ ಅಳತೆಯಿಂದ ಇನ್ನೊಂದು ಉಪಯೋಗ ಇದೆ. ನಕಲಿ ಐಸಿ ಪತ್ತೆಗೂ ಇದು ಬರುತ್ತದೆ. ಓಪಿಎ2134 ಅಂತ ಕೊಂಡು ತಂದದ್ದು ಈ ಡಬ್ಬಿಯಲ್ಲಿ 200 ಮಿಲಿವೋಲ್ಟ್ ತೋರಿಸಿದರೆ ಅದರೊಳಗೆ ಫೆಟ್ ಇಲ್ಲ. ಮೇಲಿನ ಅಕ್ಷರ ಏನೇ ಇರಲಿ. ನಾನು ಒಮ್ಮೆ ಒಂದು ಅಂಗಡಿಯಿಂದ ಓಪಿಎ627 ಅಂತ ದುಬಾರಿ ಬೆಲೆಗೆ ಎರಡು ತಂದಿದ್ದೆ. ಹತ್ತಿಗೆ ಅಸಿಟೋನ್ ಹಚ್ಚಿ ಉಜ್ಜಿದರೆ ಮೇಲಿನ ಕಪ್ಪು ಬಣ್ಣವೇ ಎದ್ದು ಬಂತು, ಕೆಳಗೆ ಬೇರೆ ಅಕ್ಷರದ ಗುರುತು. ದುಬಾರಿ ಐಸಿಗಳಿಗೇ ಈ ಕಾಟ ಜಾಸ್ತಿ. 20 ರೂಪಾಯಿಯ 5532ಕ್ಕೆ ಹೊಸ ಹೆಸರು ಬರೆಯುವ ಕಷ್ಟ ಯಾರಿಗೆ ಬೇಕು ಹೇಳಿ. ಐಸಿ ಕೊಳ್ಳುವುದಿದ್ದರೆ ತಯಾರಕರ ಅಧಿಕೃತ ವಿತರಕರಿಂದಲೇ ಕೊಳ್ಳಿ. ರೆಸಿಸ್ಟರ್, ಸಾಕೆಟ್, ಕೆಪಾಸಿಟರ್ ಆದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೋ ನಿಮ್ಮ ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಯಲ್ಲೋ ಆರಾಮಾಗಿ ಸಿಗುತ್ತವೆ.

ಐಸಿ ಬದಲಿಸಿದವರು "ದನಿ ಬದಲಾಯಿತು" ಅನ್ನುವುದು ಸುಳ್ಳಾ ಅಂತ ನೀವು ಕೇಳಬಹುದು. ಅವರು ಬೇಕಂತಲೇ ಸುಳ್ಳು ಹೇಳುವವರಲ್ಲ. ಕೆಲವರಿಗೆ ನಿಮ್ಮ ಹಾಗೆ ಸರ್ಕ್ಯೂಟಿಗೆ ಒಗ್ಗದ ಐಸಿಯಿಂದ ನಿಜವಾದ ತೊಂದರೆ ಆಗಿರುತ್ತದೆ. ಇನ್ನು ಕೆಲವರ ಅನುಭವ ಬೇರೆ. ಬ್ಯಾಟರಿ ತೆಗೆದು, ಐಸಿ ಕಿತ್ತು, ಹೊಸದು ಕೂರಿಸಿ, ಮತ್ತೆ ಹಾಡು ಹಾಕುವ ಹೊತ್ತಿಗೆ ಐದು ನಿಮಿಷ ಆಗಿರುತ್ತದೆ. ದನಿಯ ಸೂಕ್ಷ್ಮಗಳನ್ನು ನಮ್ಮ ನೆನಪು ಕೆಲವೇ ಸೆಕೆಂಡ್ ಹಿಡಿದಿಡುತ್ತದೆ. ಮೇಲೆ ವಾಲ್ಯೂಮ್ ಗುಂಡಿ ಕೂದಲಷ್ಟು ಆಚೀಚೆ ಆದರೂ, ಸ್ವಲ್ಪ ಜೋರಾಗಿರುವುದೇ ಚೆನ್ನಾಗಿ ಕೇಳುತ್ತದೆ. ನಾವು ಮೂರು ಜನ ಗೆಳೆಯರು ಒಂದು ಭಾನುವಾರ ಕೂತು ಇದನ್ನು ಮಾಡಿ ನೋಡಿದೆವು. ಒಂದೇ ಸರ್ಕ್ಯೂಟಿನ ಎರಡು ಬೋರ್ಡ್. ಒಂದರಲ್ಲಿ ಓಪಿಎ2134, ಇನ್ನೊಂದರಲ್ಲಿ ಎಲ್‌ಎಂ4562. ಔಟ್‌ಪುಟ್ ಮೀಟರ್ ಹಿಡಿದು ಸಮ ಮಾಡಿದ್ದೆವು, ನಡುವೆ ಒಂದು ಸ್ವಿಚ್. ಯಾವುದು ಯಾವುದು ಅಂತ ಸ್ವಿಚ್ ಹಿಡಿದವನಿಗೆ ಮಾತ್ರ ಗೊತ್ತು. ಅವತ್ತು ಹಾಕಿದ್ದು ಮನ್ಸೂರರದೇ ಧ್ವನಿಮುದ್ರಿಕೆ. ಸಂಜೆಯವರೆಗೆ ಕೂತೆವು. ನಾನು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಉಳಿದಿಬ್ಬರದೂ ಅದೇ ಕಥೆ. ನಮ್ಮಲ್ಲಿ ಒಬ್ಬರು ಆವರೆಗೆ 4562ನ್ನೇ ನೆಚ್ಚಿಕೊಂಡಿದ್ದವರು.

ಹಾಗಂತ ಐಸಿಗಳ ನಡುವೆ ಕಿವಿಗೆ ಕೇಳುವ ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ. ಒಂದು, ಈಗ ಹೇಳಿದ ಡಿಸಿ. ಇನ್ನೊಂದು, ನಿಮ್ಮನ್ನು ಕಾಡುತ್ತಿರುವ 'ಸುಯ್' ಸದ್ದು. ಆದರೆ ಅದರ ಮದ್ದು ಐಸಿಯಲ್ಲಿ ಇಲ್ಲ, ರೆಸಿಸ್ಟರ್‌ನಲ್ಲಿದೆ.

ಸಿಮೋಯ್ ಸರ್ಕ್ಯೂಟನ್ನು ಚು ಮೋಯ್ ಅನ್ನುವವರು ಮಾಡಿದ್ದು 1990ರ ದಶಕದ ಕೊನೆಯಲ್ಲಿ. ಅವರ ಹೆಸರೇ ಈ ಆಂಪ್ಲಿಫೈಯರ್‌ಗೆ ನಿಂತಿತು. ಆಗಿನ ಪೋರ್ಟಬಲ್ ಪ್ಲೇಯರ್‌ಗಳಿಂದ ಬರುತ್ತಿದ್ದ ಸಿಗ್ನಲ್ ಸಣ್ಣದು. 11 ಪಟ್ಟು ಬೇಕಿತ್ತು. ಈಗ ಫೋನ್ ಡಾಂಗಲ್‌ಗಳೇ (ಫೋನಿಗೆ ಹೆಡ್‌ಫೋನ್ ಸಿಕ್ಕಿಸಲು ಹಾಕುವ ಪುಟ್ಟ ಅಡಾಪ್ಟರ್) ಸುಮಾರು 1 ವೋಲ್ಟ್ ಕೊಡುತ್ತವೆ. ಅದಕ್ಕೆ 11 ಪಟ್ಟು ಅಂದರೆ 11 ವೋಲ್ಟ್. ನಿಮ್ಮ ಬ್ಯಾಟರಿಯಲ್ಲೇ ಅಷ್ಟಿಲ್ಲ! ಹಾಗಾಗಿ ನೀವು ವಾಲ್ಯೂಮ್ ಗುಂಡಿಯನ್ನು ಕಾಲು ಭಾಗದ ಮೇಲೆ ತಿರುಗಿಸುವುದೇ ಇಲ್ಲ ಅಂತ ನನ್ನ ಊಹೆ. ಅಗ್ಗದ ಪಾಟ್‌ಗಳು, ಅಂದರೆ ಆ ಗುಂಡಿಯ ಕೆಳಗಿನ ತಿರುಗುವ ರೆಸಿಸ್ಟರ್‌ಗಳು, ಆ ಜಾಗದಲ್ಲಿ ಎಡ ಬಲ ಸಮವಾಗಿ ಹಂಚುವುದೂ ಇಲ್ಲ. ತಂಬೂರಿ ಒಂದು ಕಿವಿಗೆ ವಾಲಿದ ಹಾಗೆ ಕೇಳಿದ್ದರೆ ಕಾರಣ ಇದು.

ಮಾಡಬೇಕಾದದ್ದು ಇಷ್ಟೇ. 10 ಕಿಲೋ ಓಮ್ ರೆಸಿಸ್ಟರ್ ಎರಡಿವೆ, ಎಡಕ್ಕೊಂದು ಬಲಕ್ಕೊಂದು. ಅವನ್ನು ತೆಗೆದು 2.2 ಕಿಲೋ ಓಮ್ ಹಾಕಿ. ಹೆಚ್ಚಳ 11ರಿಂದ 3.2 ಪಟ್ಟಿಗೆ ಇಳಿಯುತ್ತದೆ. 'ಸುಯ್' ಕೂಡ ಅಷ್ಟೇ ಪಾಲು, ಅಂದರೆ ಸುಮಾರು 11 ಡೆಸಿಬೆಲ್ ಇಳಿಯುತ್ತದೆ. ಇನ್ನೊಂದು ಕಡೆ, ಓಪಿಎ2134 ತೆಗೆದು ಕಡಿಮೆ ಸದ್ದಿನ 5532 ಹಾಕಿದ್ದರಿಂದ ಸಿಗಬಹುದಾಗಿದ್ದ ಲಾಭ ಹೆಚ್ಚೆಂದರೆ 3-4 ಡೆಸಿಬೆಲ್. ಎರಡು ರೂಪಾಯಿಯ ರೆಸಿಸ್ಟರ್ ಎಂಥ ಐಸಿಯನ್ನೂ ಹಿಂದೆ ಹಾಕುವ ಜಾಗ ಇದು. ವಾಲ್ಯೂಮ್ ಗುಂಡಿ ನಡುಮಟ್ಟಕ್ಕೆ ಬರುತ್ತದೆ, ಎಡ ಬಲ ಸಮ ಆಗುತ್ತದೆ. ಸಿಮೋಯ್ ಇರುವ ಯಾರೇ ಕೇಳಲಿ, ನಾನು ಮೊದಲು ಹೇಳುವುದು ಇದನ್ನೇ. ಒಂದು ಎಚ್ಚರಿಕೆ: ಹೆಚ್ಚಳ ಕಡಿಮೆ ಮಾಡಿದಾಗ ಕೆಲವು ಐಸಿ ಸ್ಥಿರ ಇರುವುದಿಲ್ಲ, ತಮ್ಮಷ್ಟಕ್ಕೇ ಕೂಗತೊಡಗುತ್ತವೆ. ಓಪಿಎ2134, ಎನ್‌ಇ5532 ಎರಡಕ್ಕೂ ಆ ಭಯ ಇಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು.

ಸುಲಭದ್ದು, ಹಳೆಯ ಓಪಿಎ2134 ವಾಪಸ್ ಕೂರಿಸಿ, ಮೇಲೆ ಹೇಳಿದ ರೆಸಿಸ್ಟರ್ ಬದಲಿಸಿ, ಅಲ್ಲಿಗೆ ನಿಲ್ಲಿಸಿ. ನನ್ನದೇ ಡಬ್ಬಿ ಆಗಿದ್ದರೆ ನಾನು ಮಾಡುತ್ತಿದ್ದದ್ದು ಇದನ್ನೇ. ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಐಸಿ ಮುಟ್ಟಿ. ಸಣ್ಣ ಸ್ಕ್ರೂಡ್ರೈವರ್‌ನಿಂದ ಎರಡೂ ತುದಿ ಸ್ವಲ್ಪ ಸ್ವಲ್ಪ ಎತ್ತುತ್ತಾ ತೆಗೆಯಿರಿ. ಒಂದೇ ಕಡೆ ಮೀಟಿದರೆ ಇನ್ನೊಂದು ತುದಿಯ ಕಾಲು ಮಡಿಚುತ್ತದೆ. ಕೂರಿಸುವಾಗ ಐಸಿಯ ತಲೆಯ ಮೇಲಿನ ಕಚ್ಚು ಸಾಕೆಟ್‌ನ ಕಚ್ಚಿನ ಕಡೆಗೇ ಇರಲಿ. ತಿರುಗಾಮುರುಗಾ ಕೂರಿಸಿದರೆ 4ನೇ ಕಾಲಿಗೂ 8ನೇ ಕಾಲಿಗೂ ಬ್ಯಾಟರಿ ಉಲ್ಟಾ ಬೀಳುತ್ತದೆ. ಐಸಿ ಬೆರಳು ಸುಡುವಷ್ಟು ಬಿಸಿಯಾಗಿ ಸಾಯುತ್ತದೆ.

ನಿಮಗೆ 5532ನ್ನೇ ಬಳಸಬೇಕು ಅನ್ನಿಸಿದರೆ ಅದಕ್ಕೂ ದಾರಿ ಇದೆ. ಇನ್‌ಪುಟ್‌ನ 100 ಕಿಲೋ ಓಮ್ ತೆಗೆದು 10 ಕಿಲೋ ಓಮ್ ಹಾಕಬೇಕು. ಡಿಸಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಜೊತೆಗೆ 2.2 ಕಿಲೋ ಓಮ್ ಬದಲಾವಣೆಯನ್ನೂ ಮಾಡಿದರೆ 220 ಇದ್ದದ್ದು ಸುಮಾರು 6 ಮಿಲಿವೋಲ್ಟ್ ಆಗುತ್ತದೆ. ಆದರೆ ಇಲ್ಲಿ ಬಹಳ ಜನ ಎಡವುತ್ತಾರೆ. ಮುಂದಿನ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಹಾಗೇ ಬಿಟ್ಟರೆ 160 ಹರ್ಟ್ಸ್‌ನಿಂದ ಕೆಳಗಿನ ದನಿ ಸೋರಿಹೋಗುತ್ತದೆ. ತಬಲಾದ ಡಗ್ಗ ತೆಳುವಾಗುತ್ತದೆ, ತಂಬೂರಿಯ ಖರ್ಜ ಬತ್ತುತ್ತದೆ. ಆಮೇಲೆ "ಈ ಐಸಿಗೆ ಬಾಸ್ ಇಲ್ಲ" ಅನ್ನುತ್ತಾರೆ! ಆ ಕೆಪಾಸಿಟರ್ 1 ಮೈಕ್ರೋಫ್ಯಾರಡ್ ಆಗಬೇಕು. ಫಿಲ್ಮ್ ಬಗೆಯದು ಹಾಕಿ. ಅದು ಗಾತ್ರದಲ್ಲಿ ದೊಡ್ಡದು, ನಿಮ್ಮ ಡಬ್ಬಿಯಲ್ಲಿ ಹಿಡಿಸುತ್ತದಾ ನೋಡಿಕೊಳ್ಳಿ. ಇಷ್ಟೆಲ್ಲ ಮಾಡಿದರೆ 5532 ಸೊಗಸಾಗಿ ಹಾಡುತ್ತದೆ. ಆದರೆ 2134ಗಿಂತ ಚೆನ್ನಾಗಿ ಅಂತ ನಾನು ಹೇಳಲಾರೆ. ಬ್ಯಾಟರಿ ಇಳಿದಾಗ 5532 ಬೇಗ ಸೋಲುತ್ತದೆ ಬೇರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡೇಟಾಶೀಟ್ ಅದಕ್ಕೆ ಹೇಳುವುದು ಪ್ಲಸ್ ಮೈನಸ್ 5 ವೋಲ್ಟ್‌ನಿಂದ ಮೇಲೆ. 2134 ಪ್ಲಸ್ ಮೈನಸ್ 2.5ರವರೆಗೂ ನಡೆಯುತ್ತದೆ. 9 ವೋಲ್ಟ್ ಬ್ಯಾಟರಿ ಅರ್ಧ ಮುಗಿದಾಗ 7.5ಕ್ಕೋ ಏಳೂಮುಕ್ಕಾಲಿಗೋ ಬಂದಿರುತ್ತದೆ, ನೆನಪಿರಲಿ.

ಎಲ್‌ಎಂ4562 ಬಗ್ಗೆಯೂ ಓದಿರುತ್ತೀರಿ. ಅದರ ಬಯಾಸ್ ಕರೆಂಟ್ 10 ನ್ಯಾನೋಆಂಪ್, ಡಿಸಿಯ ತೊಂದರೆ ಹೆಚ್ಚಿಲ್ಲ. ಆದರೆ ಅದು ವೇಗದ ಐಸಿ, 55 ಮೆಗಾಹರ್ಟ್ಸ್. 2134ರದ್ದು 8. ಕೈಯಲ್ಲಿ ಕಟ್ಟಿದ, ಉದ್ದ ತಂತಿಗಳ ಬೋರ್ಡ್‌ನಲ್ಲಿ ಇಂಥ ಐಸಿ ತನ್ನಷ್ಟಕ್ಕೇ ಕಿವಿಗೆ ಕೇಳದ ಎತ್ತರದಲ್ಲಿ ಕೂಗಲು ಶುರು ಮಾಡಬಹುದು. ಆಸಿಲೇಶನ್ ಅನ್ನುವುದು ಇದಕ್ಕೇ. ಆ ಕೂಗು ಕೇಳುವುದಿಲ್ಲ, ಅದರ ಪರಿಣಾಮ ಕೇಳುತ್ತದೆ. ದನಿಗೆ ಒಂದು ಬಗೆಯ ಚುರುಕು, ಹೊಳಪು ಬಂದ ಹಾಗೆ ಮೊದಲು ಅನ್ನಿಸಬಹುದು. ಇದನ್ನೇ "ವಿವರ ಜಾಸ್ತಿ ಆಯಿತು" ಅಂದುಕೊಂಡವರನ್ನು ನೋಡಿದ್ದೇನೆ. ಐಸಿ ಬೆಚ್ಚಗಾಗುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಬ್ಯಾಟರಿಯ ಸರಣಿಯಲ್ಲಿ ಮೀಟರ್ ಇಟ್ಟು ಹಾಡಿಲ್ಲದಾಗ ಎಷ್ಟು ಮಿಲಿಆಂಪ್ ಎಳೆಯುತ್ತಿದೆ ನೋಡಿ. 4562ಕ್ಕೆ 10-12 ಇರಬೇಕು. 25-30 ಕಂಡರೆ ಅದು ಕೂಗುತ್ತಿದೆ. 4 ಮತ್ತು 8ನೇ ಕಾಲಿನ ನಡುವೆ, ಸಾಕೆಟ್‌ನ ಅಡಿಯಲ್ಲೇ, 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆದರೆ ಎಷ್ಟೋ ಸಲ ಅಡಗುತ್ತದೆ. ಅಡಗದಿದ್ದರೆ ಆಸಿಲೋಸ್ಕೋಪ್ ಇಲ್ಲದೆ ಅದರ ಬೆನ್ನು ಹತ್ತಬೇಡಿ. ಸುಮ್ನೆ 2134ಕ್ಕೆ ವಾಪಸ್ ಬನ್ನಿ.

ಎಡಿ797, ಓಪಿಎ627 ಹಾಕಿ ಅನ್ನುವವರೂ ಸಿಗುತ್ತಾರೆ. ಇವು ನಿಮ್ಮ ಸಾಕೆಟ್‌ನಲ್ಲಿ ಸರಿಯಾಗಿ ಕೂರುತ್ತವೆ, ಅದೇ ಅಪಾಯ. ಎಂಟು ಕಾಲು ಎಂಟು ತೂತು. ಆದರೆ ಇವುಗಳ ಒಳಗೆ ಒಂದೇ ಆಂಪ್ಲಿಫೈಯರ್, ನಿಮ್ಮದಕ್ಕೆ ಬೇಕಾದದ್ದು ಎರಡು. ಕಾಲುಗಳ ಕೆಲಸವೇ ಬೇರೆ. ಹಾಗೇ ಹಾಕಬೇಡಿ.

ಕೊನೆಗೆ 250 ಓಮ್ ಹೆಡ್‌ಫೋನಿನ ಆಸೆ. ಇದಕ್ಕೆ ಐಸಿ ಅಲ್ಲ, ಬ್ಯಾಟರಿಯೇ ಮಿತಿ. ಉದಾಹರಣೆಗೆ ಬೇಯರ್‌ಡೈನಮಿಕ್ ಡಿಟಿ 990 ಪ್ರೊ 250 ಓಮ್, ಒಂದು ಮಿಲಿವ್ಯಾಟ್‌ಗೆ 96 ಡೆಸಿಬೆಲ್. ಹೊಸ 9 ವೋಲ್ಟ್ ಬ್ಯಾಟರಿಯಲ್ಲಿ 2134 ಸುಮಾರು 3 ವೋಲ್ಟ್ ಎತ್ತರದ ಅಲೆ ಕೊಟ್ಟೀತು. ಅದು 250 ಓಮ್‌ಗೆ 18 ಮಿಲಿವ್ಯಾಟ್, ಹೆಚ್ಚುಕಡಿಮೆ 108 ಡೆಸಿಬೆಲ್. ಹಿಂದೂಸ್ತಾನಿ ಗಾಯನದಲ್ಲಿ ಮಂದ್ರದಿಂದ ತಾರಕ್ಕೆ ಏರಿಳಿತ ದೊಡ್ಡದು, ಆದರೂ ಮನೆಯಲ್ಲಿ ರಾತ್ರಿ ಕೇಳಲು ಇದು ಸಾಕು. ಜೋರು ಸಂಗೀತ ಕೇಳುವವರಿಗೆ ಸಾಲದು. ಇನ್ನೂ ಬೇಕೆಂದರೆ ಎರಡು ಬ್ಯಾಟರಿ ಸರಣಿಯಲ್ಲಿ ಹಾಕಿ 18 ವೋಲ್ಟ್ ಮಾಡಬಹುದು. ಒಳಗಿನ 220 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳ ಮೇಲೆ 16 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಅಂತ ಬರೆದಿದೆಯಾ ಅಂತ ಮೊದಲು ನೋಡಿ. 10 ಅಂತ ಇದ್ದರೆ ಬದಲಿಸಿ.

ನಿಮ್ಮ ಈಗಿನ 32 ಓಮ್‌ಗೆ ಇದರ ಉಲ್ಟಾ ಲೆಕ್ಕ. ಅಲ್ಲಿ ವೋಲ್ಟ್ ಸಾಕು, ಮಿತಿ ಇರುವುದು ಕರೆಂಟಿನಲ್ಲಿ. 2134 ಆಗಲಿ 5532 ಆಗಲಿ 35-40 ಮಿಲಿಆಂಪ್ ಆಚೆ ಕೊಡಲಾರವು. ಆದರೆ ಸಾಮಾನ್ಯ ಹೆಡ್‌ಫೋನಿನಲ್ಲಿ 105 ಡೆಸಿಬೆಲ್‌ನ ಶಿಖರಕ್ಕೂ ಬೇಕಾದದ್ದು 14 ಮಿಲಿಆಂಪ್‌ನ ಆಸುಪಾಸು. ಹಾಗಾಗಿ ಅಲ್ಲಿ ಕೊರತೆ ಇಲ್ಲ.

ಇದಕ್ಕಿಂತ ಮುಂದೆ ಹೋಗುವ ಮನಸ್ಸಿದ್ದರೆ, ಐಸಿ ಬದಲಿಸುತ್ತಾ ಕೂರುವ ಬದಲು ಆಬ್ಜೆಕ್ಟಿವ್2 ಅನ್ನುವ ಆಂಪ್ಲಿಫೈಯರ್ ಬಗ್ಗೆ ಓದಿ. 2011ರಲ್ಲಿ ಎನ್‌ಡಬ್ಲ್ಯುಎವಿಗೈ ಅನ್ನುವ ಗುಪ್ತನಾಮದ ಇಂಜಿನಿಯರ್ ಒಬ್ಬರು ಅದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅವರು ಹಲವು ಐಸಿಗಳನ್ನು ಅಳೆದು ನೋಡಿ ಆರಿಸಿಕೊಂಡದ್ದು ಎನ್‌ಜೆಎಂ2068 ಮತ್ತು ಎನ್‌ಜೆಎಂ4556. ಎರಡೂ ಅಗ್ಗದವು, ಎರಡೂ ಬೈಪೋಲಾರ್. ಆದರೆ ಸುತ್ತಲಿನ ಪ್ರತಿ ರೆಸಿಸ್ಟರನ್ನೂ ಆ ಐಸಿಗಳಿಗೆ ಒಗ್ಗುವ ಹಾಗೆ ಆರಿಸಿದ್ದರು. ಎರಡು 9 ವೋಲ್ಟ್ ಬ್ಯಾಟರಿ ಇರುವುದರಿಂದ ನಡುಬಿಂದು ಜಾರುವ ಪ್ರಶ್ನೆಯೇ ಇಲ್ಲ. ಪ್ರತಿ ಕಿವಿಗೆ 4556ರ ಎರಡೆರಡು ಭಾಗ ಜೊತೆಯಾಗಿ ದುಡಿಯುತ್ತವೆ. 250 ಓಮ್ ಅದಕ್ಕೆ ಕಷ್ಟವೇ ಅಲ್ಲ.

ಈ ವಾರ ಆ ಎರಡು ಅಳತೆ ಮಾಡಿ ನನಗೆ ಬರೆಯಿರಿ. 5532 ಇದ್ದಾಗ ಒಮ್ಮೆ, 2134 ವಾಪಸ್ ಹಾಕಿದ ಮೇಲೆ ಒಮ್ಮೆ. ಡಬ್ಬಿ ಮುಚ್ಚಳ ತೆಗೆದು ಬೋರ್ಡ್‌ನ ಎರಡೂ ಬದಿಯ ಒಂದೊಂದು ಫೋಟೋ ಕಳಿಸಿದರೆ, ಯಾವ ರೆಸಿಸ್ಟರ್ ತೆಗೆಯಬೇಕು ಅಂತ ಗುರುತು ಹಾಕಿ ಕೊಡುತ್ತೇನೆ.